ಸಿಪಾಯಿಯ ರೋಗಕ್ಕೆ ಸಾಕ್ಷಿ ಯಾರು?

ಪುಣೆಯಲ್ಲಿ ನೆಲೆಸಿದ ನಮ್ಮ ಕನ್ನಡ ಕುಟುಂಬಗಳಿಗೆ ದಂಡಿನ ಪರಿಚಯ ಹೊಸದಲ್ಲ. ಖಡಕಿ, ವಾನವಡಿ, ದೇಹೂ ರೋಡ್ ಎಂಬ ಹೆಸರುಗಳನ್ನು ಕೇಳುತ್ತಲೇ ಬೆಳೆದ ಮಕ್ಕಳು ನಮ್ಮಲ್ಲಿ ಅನೇಕರು. ಮದ್ದುಗುಂಡಿನ ಕಾರಖಾನೆಯಲ್ಲಿ ದುಡಿದವರ, ಪಲ್ಟಣಿನಿಂದ ಪಿಂಚಣಿ ಪಡೆದು ಬಂದವರ ಮನೆಗಳೂ ನಮ್ಮ ನಡುವೆ ಇವೆ. ಕೈಕಾಲು ಕಳೆದುಕೊಂಡ ಸಿಪಾಯಿಗಳಿಗೆ ಕೃತಕ ಅವಯವಗಳನ್ನು ಜೋಡಿಸುವ ಕೇಂದ್ರವು, ಎರಡನೆಯ ಮಹಾಯುದ್ಧ ಇನ್ನೂ ನಡೆದಿರುವಾಗಲೇ, ೧೯೪೪ರಲ್ಲಿ ಈ ಊರಿನಲ್ಲಿ ಹುಟ್ಟಿತು. ಬೆನ್ನುಹುರಿಗೆ ಪೆಟ್ಟಾಗಿ ನಡೆದಾಡುವ ಶಕ್ತಿ ಕಳೆದುಕೊಂಡ ಸೈನಿಕರಿಗಾಗಿ ೧೯೭೪ರಲ್ಲಿ ಖಡಕಿಯಲ್ಲಿ ಪುನರ್ವಸತಿ ಕೇಂದ್ರವೊಂದು ತೆರೆಯಿತು. ಇವುಗಳ ಹೆಸರನ್ನಾದರೂ ಕೇಳದ ಪುಣೆಯ ಕನ್ನಡಿಗರು ವಿರಳ.

ಗುಂಡಿಗೆ ಹೋದ ಕಾಲು ಕಣ್ಣಿಗೆ ಕಾಣುವಂಥದು. ಅದು ಎಲ್ಲಿ ಹೋಯಿತು, ಹೇಗೆ ಹೋಯಿತು ಎಂದು ಯಾವ ಗುಮಾಸ್ತನೂ ಬಹಳ ಹೊತ್ತು ವಾದಿಸಲಾರ. ಆದರೆ ಸಿಪಾಯಿ ಸಮವಸ್ತ್ರ ಕಳಚಿ ಊರಿಗೆ ಮರಳಿ ಹದಿನೈದು ಇಪ್ಪತ್ತು ವರ್ಷಗಳಾದ ಮೇಲೆ ಅವನ ರಕ್ತದಲ್ಲಿ, ಶ್ವಾಸಕೋಶದಲ್ಲಿ, ಮಿದುಳಿನಲ್ಲಿ ತಲೆಯೆತ್ತಿದ ರೋಗಕ್ಕೆ ಸಾಕ್ಷಿ ಎಲ್ಲಿಂದ ತರಬೇಕು? ಅವನ ಸೇವೆಯ ಕಾಲದಲ್ಲಿ ಜೊತೆಗಿದ್ದ ಹೆಂಡತಿಗೋ ಹುಟ್ಟಿದ ಕೂಸಿಗೋ ಬಂದ ಬೇನೆಗೆ ಹೊಣೆ ಯಾರು? ರೋಗ ಸೇವೆಯಿಂದ ಬಂದಿತೆಂದು ಸಿಪಾಯಿ ತೋರಿಸಬೇಕೋ, ಸೇವೆಯಿಂದ ಬಂದಿಲ್ಲವೆಂದು ಸರಕಾರ ತೋರಿಸಬೇಕೋ? ಮಾಜಿ ಸೈನಿಕರ ಆರೋಗ್ಯಕ್ಕಾಗಿ ಹುಟ್ಟಿದ ಕಾಯದೆಗಳ ಇತಿಹಾಸವನ್ನೆಲ್ಲ ಹಿಂಡಿದರೆ ಕೊನೆಗೆ ಉಳಿಯುವುದು ಈ ಒಂದು ಪ್ರಶ್ನೆ ಎಂದು ನಮಗೆ ತೋರುತ್ತದೆ. ಈ ಪ್ರಶ್ನೆಯನ್ನು ಶಾಸನಸಭೆಯ ಅಂಗಳದಲ್ಲಿ ಬಹುಕಾಲದಿಂದ ಬಹಿರಂಗವಾಗಿ ಗುದ್ದಾಡುತ್ತ ಬಂದ ದೇಶ ಅಮೇರಿಕೆ. ಆದುದರಿಂದ ಮೊದಲು ಅಲ್ಲಿಯ ಕಥೆಯನ್ನೇ ಹೇಳುತ್ತೇವೆ.

ಅಲ್ಲಿಯ ಅಂತರ್ಯುದ್ಧ ಮುಗಿಯುತ್ತ ಬಂದಾಗ, ೧೮೬೫ರ ಮಾರ್ಚ್ ೩ರಂದು, ಅಂಗವಿಕಲರಾದ ಸ್ವಯಂಸೈನಿಕರಿಗಾಗಿ ರಾಷ್ಟ್ರೀಯ ಆಶ್ರಯಧಾಮವನ್ನು ಕಟ್ಟುವ ಕಾಯದೆಗೆ ಅಧ್ಯಕ್ಷ ಲಿಂಕನ್ನರು ಅಂಕಿತ ಹಾಕಿದರು. ಮರುದಿನವೇ ಅವರು ಎರಡನೆಯ ಬಾರಿಗೆ ಪ್ರಮಾಣವಚನ ಸ್ವೀಕರಿಸಿ ಮಾಡಿದ ಭಾಷಣದಲ್ಲಿ, ಯುದ್ಧದ ಭಾರ ಹೊತ್ತವನನ್ನೂ ಅವನ ವಿಧವೆಯನ್ನೂ ಅನಾಥ ಮಗುವನ್ನೂ ನೋಡಿಕೊಳ್ಳುವುದು ರಾಷ್ಟ್ರದ ಕರ್ತವ್ಯವೆಂಬ ಅರ್ಥದ ಮಾತು ಬಂದಿತು. ಮಾತು ದೊಡ್ಡದು. ಆದರೆ ವಿಧವೆಗೂ ಮಗುವಿಗೂ ಆಗ ಸಿಕ್ಕಿದ್ದು ೧೮೬೨ರ ಕಾಯದೆಯಂತೆ ಒಂದಿಷ್ಟು ಪಿಂಚಣಿ ಮಾತ್ರ, ಔಷಧವಲ್ಲ, ವೈದ್ಯನಲ್ಲ. ಆ ಮಾತಿನ ಕೊನೆಯ ಅರ್ಧ ಕಾಯದೆಯಾಗಿ ಇಳಿದು ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಮೊದಲನೆಯ ಮಹಾಯುದ್ಧ ಕಾಣದ ಗಾಯಗಳನ್ನು ತಂದಿತು. ವಿಷಾನಿಲವನ್ನು ಉಸಿರಾಡಿದವರು, ಕಂದಕಗಳಲ್ಲಿ ಕ್ಷಯ ಹತ್ತಿಸಿಕೊಂಡವರು, ತೋಪಿನ ಸದ್ದಿಗೆ ಮನಸ್ಸು ಕೆಟ್ಟವರು ಸಾವಿರಗಟ್ಟಲೆ ಮನೆಗೆ ಮರಳಿದರು. ೧೯೨೧ರಲ್ಲಿ ಇವರ ಆರೈಕೆಗೆಂದು ವೆಟರನ್ಸ್ ಬ್ಯೂರೋ ಎಂಬ ಇಲಾಖೆ ಹುಟ್ಟಿತು. ಅದರ ಮೊದಲನೆಯ ನಿರ್ದೇಶಕನಾದ ಚಾರ್ಲ್ಸ್ ಫೋರ್ಬ್ಸ್ ಎಂಬಾತ ದವಾಖಾನೆಗಳ ಸಾಮಾನನ್ನು ಅಗ್ಗದ ಬೆಲೆಗೆ ಮಾರಿ, ಕಟ್ಟಡಗಳ ಗುತ್ತಿಗೆಯಲ್ಲಿ ಕೈ ಬೆಚ್ಚಗೆ ಮಾಡಿಕೊಂಡು, ಕಡೆಗೆ ಸೆರೆಮನೆ ಸೇರಿದ. (ಅಂಗವಿಕಲರ ಹಾಸಿಗೆ ಹೊದಿಕೆಗಳಲ್ಲಿಯೂ ಲಾಭ ಕಾಣುವ ಜನ ಎಲ್ಲ ದೇಶದಲ್ಲಿಯೂ ಹುಟ್ಟುತ್ತಾರೆಂದು ಕಾಣುತ್ತದೆ.) ಆ ಹಗರಣದ ಕೆಸರು ಇನ್ನೂ ಆರದಿರುವಾಗ ಬಂದ ೧೯೨೪ರ ಕಾಯದೆ ಮಾತ್ರ ಬಹು ಮುಖ್ಯವಾದದ್ದು. ೧೯೨೫ರ ಜನವರಿ ೧ಕ್ಕೆ ಮುಂಚೆ ಮಾಜಿ ಸೈನಿಕನಲ್ಲಿ ಕ್ಷಯವೋ ಮನೋರೋಗವೋ ಕಾಣಿಸಿಕೊಂಡರೆ ಅದು ಸೇವೆಯಿಂದಲೇ ಬಂದಿತೆಂದು ಸರಕಾರ ಮೊದಲೇ ಒಪ್ಪಿಕೊಳ್ಳತಕ್ಕದ್ದು ಎಂದು ಅದು ವಿಧಿಸಿತು. ಹೀಗೆ ಮೊದಲೇ ಒಪ್ಪಿಕೊಳ್ಳುವುದಕ್ಕೆ 'ಗೃಹೀತ' ಎನ್ನೋಣ. ಈ ಲೇಖನದಲ್ಲಿ ಮತ್ತೆ ಮತ್ತೆ ಬರುವ ಶಬ್ದ ಇದು, ವಾಚಕರು ನೆನಪಿಡಬೇಕು. ಗೃಹೀತವಿದ್ದಲ್ಲಿ ಸಿಪಾಯಿ ಸಾಕ್ಷಿ ಹುಡುಕುತ್ತ ಅಲೆಯಬೇಕಾಗಿಲ್ಲ.

ಎರಡನೆಯ ಮಹಾಯುದ್ಧದ ತರುವಾಯ, ೧೯೪೬ರ ಜನವರಿಯಲ್ಲಿ ಬಂದ ಕಾಯದೆಯು ಮಾಜಿ ಸೈನಿಕರ ದವಾಖಾನೆಗಳನ್ನು ವೈದ್ಯಕೀಯ ಕಾಲೇಜುಗಳೊಡನೆ ಜೋಡಿಸಲು ದಾರಿ ಮಾಡಿಕೊಟ್ಟಿತು; ಜನರಲ್ ಬ್ರಾಡ್ಲಿಯವರ ಆಡಳಿತದಲ್ಲಿ ಆ ದವಾಖಾನೆಗಳ ಗುಣಮಟ್ಟ ಏರಿತು. ಸೇವೆಯಲ್ಲಿರುವವರ ಹೆಂಡಿರು ಮಕ್ಕಳ ಚಿಕಿತ್ಸೆಗೆ ೧೯೫೬ರಲ್ಲಿ ಪ್ರತ್ಯೇಕ ಕಾಯದೆಯಾಯಿತು. ಸೇವೆಯಿಂದಾಗಿ ಪೂರ್ಣ ಅಂಗವಿಕಲನಾದ ಅಥವಾ ಮಡಿದ ಸೈನಿಕನ ಕುಟುಂಬಕ್ಕೆ ಚಿಕಿತ್ಸೆಯ ಖರ್ಚು ಕೊಡುವ ಯೋಜನೆ ಬಂದದ್ದು ೧೯೭೩ರಲ್ಲಿ. ಲಿಂಕನ್ನರ ಮಾತಿಗೂ ಇದಕ್ಕೂ ನಡುವೆ ಎಷ್ಟು ತಲೆಮಾರು ಕಳೆದವೆಂದು ವಾಚಕರೇ ಎಣಿಸಿಕೊಳ್ಳಬಹುದು.

ಆದರೆ ಅಷ್ಟರಲ್ಲಿ ವಿಯೆಟ್ನಾಮದಲ್ಲಿ ಹೊಸ ಬಗೆಯ ಗಾಯ ಸಿದ್ಧವಾಗಿತ್ತು. ೧೯೬೨ರಿಂದ ೧೯೭೧ರವರೆಗೆ ಅಮೇರಿಕೆಯ ವಿಮಾನಗಳು ಅಲ್ಲಿಯ ಕಾಡುಗಳ ಮೇಲೆ, ಹೊಲಗಳ ಮೇಲೆ, ಎಲೆಯುದುರಿಸುವ ರಾಸಾಯನಿಕಗಳನ್ನು ಸುರಿದವು. ಪೀಪಾಯಿಗಳ ಮೇಲೆ ಬಳಿದ ಪಟ್ಟಿಯ ಬಣ್ಣದಿಂದ ಅವುಗಳಲ್ಲಿ ಒಂದಕ್ಕೆ 'ಏಜೆಂಟ್ ಆರೆಂಜ್' ಎಂಬ ಹೆಸರು ಬಂದಿತು. ಅದರಲ್ಲಿ ಡಯಾಕ್ಸಿನ್ ಎಂಬ ಘೋರ ವಿಷ ಬೆರೆತಿತ್ತು. ಅದರ ಕೆಳಗೆ ಬದುಕಿದ ವಿಯೆಟ್ನಾಮದ ರೈತರ ಕಥೆ ಇನ್ನೂ ದಾರುಣವಾದದ್ದು. ಅವರಿಗಾಗಿ ಯಾವ ಗೃಹೀತದ ಕಾಯದೆಯೂ ಅಮೇರಿಕೆಯಲ್ಲಿ ಬರಲಿಲ್ಲ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ವಿಯೆಟ್ನಾಮದಲ್ಲಿದ್ದ ಅಮೇರಿಕೆಯ ನೌಕಾಬಲದ ಮುಖ್ಯಸ್ಥರು ೧೯೬೮ರಿಂದ ಅಡ್ಮಿರಲ್ ಎಲ್ಮೊ ಜಮ್ವಾಲ್ಟ್. ಮೆಕಾಂಗ್ ನದೀಮುಖದ ಕಿರಿದಾದ ಕಾಲುವೆಗಳಲ್ಲಿ ಸಂಚರಿಸುವ ದೋಣಿಗಳ ಮೇಲೆ ದಡದ ಪೊದೆಗಳಿಂದ ಗುಂಡು ಬರುತ್ತಿತ್ತು, ಹುಡುಗರು ಸಾಯುತ್ತಿದ್ದರು. ಪೊದೆ ಇಲ್ಲದಂತೆ ಮಾಡಲು ದಡಗಳಿಗೆ ಎಲೆಯುದುರಿಸುವ ರಾಸಾಯನಿಕ ಹೊಡೆಯಿರೆಂದು ಅಡ್ಮಿರಲ್ಲರು ಆಜ್ಞೆ ಮಾಡಿದರು. ಆ ದೋಣಿಗಳಲ್ಲಿ ಒಂದರ ನಾಯಕ ಅವರದೇ ಹೆಸರಿನ ಅವರ ಮಗ. ಯುದ್ಧ ಮುಗಿದು ಮಗ ವಕೀಲನಾದ, ಮದುವೆಯಾದ. ಮೊಮ್ಮಗ ಹುಟ್ಟಿದಾಗ ಅವನ ಬುದ್ಧಿಯ ಬೆಳವಣಿಗೆಯಲ್ಲಿ ತೊಡಕಿರುವುದು ಕಾಣಿಸಿತು. ೧೯೮೩ರಲ್ಲಿ ಮಗನಿಗೆ ದುಗ್ಧಗ್ರಂಥಿಗಳ ಕ್ಯಾನ್ಸರ್. ಎರಡು ವರ್ಷಕ್ಕೆ ಅದೇ ಜಾತಿಯ ಇನ್ನೊಂದು. ೧೯೮೮ರಲ್ಲಿ, ನಲವತ್ತೆರಡನೆಯ ವಯಸ್ಸಿಗೆ, ಮಗ ತೀರಿಕೊಂಡ. ತಂದೆ ಮಗ ಇಬ್ಬರೂ ಕೂಡಿ ಈ ಕಥೆಯನ್ನು ೧೯೮೬ರಲ್ಲಿಯೇ ಪುಸ್ತಕವಾಗಿ ಹೊರತಂದಿದ್ದರು. ಆ ಆಜ್ಞೆಯಿಂದ ನೂರಾರು ಹುಡುಗರ ಜೀವ ಉಳಿಯಿತು, ಅದೇ ಪರಿಸ್ಥಿತಿ ಬಂದರೆ ಮತ್ತೆ ಅದನ್ನೇ ಮಾಡುತ್ತಿದ್ದೆ ಎಂದು ಅಡ್ಮಿರಲ್ಲರು ಕಡೆಯವರೆಗೂ ಹೇಳುತ್ತಿದ್ದರು. ಈ ಮಾತನ್ನು ಕಠೋರವೆನ್ನಬೇಕೋ ಪ್ರಾಮಾಣಿಕವೆನ್ನಬೇಕೋ ನಾವು ನಿರ್ಣಯಿಸಲಾರೆವು. ಆದರೆ ಅದೇ ತಂದೆ ಮಗನ ಸಾವಿನ ತರುವಾಯ ಸರಕಾರದ ಇಲಾಖೆಯೊಳಗೆ ಕುಳಿತು, ಈ ರಾಸಾಯನಿಕದ ಕುರಿತ ಸಂಶೋಧನೆಗಳನ್ನು ಜಾಲಾಡಿ, ೧೯೯೦ರಲ್ಲಿ ವರದಿಯೊಂದನ್ನು ಕೊಟ್ಟರು. ರೋಗಗಳ ಪಟ್ಟಿಯನ್ನು ಸರಕಾರ ಚಿಕ್ಕದಾಗಿಟ್ಟದ್ದಕ್ಕೆ ಅವರು ಮುಖ ನೋಡದೆ ಛೀಮಾರಿ ಹಾಕಿದರು.

೧೯೯೧ರ ಫೆಬ್ರವರಿ ೬ರಂದು ಏಜೆಂಟ್ ಆರೆಂಜ್ ಕಾಯದೆ ಜಾರಿಗೆ ಬಂದಿತು. ಅದರ ಒಂದು ವಾಕ್ಯ ನಮಗೆ ಬಹಳ ಹಿಡಿಸಿದೆ. ರೋಗಕ್ಕೂ ರಾಸಾಯನಿಕಕ್ಕೂ ಸಂಬಂಧವಿದೆಯೆನ್ನುವ ನಂಬಲರ್ಹ ಪುರಾವೆಯು, ಇಲ್ಲವೆನ್ನುವ ಪುರಾವೆಗೆ ಸಮನಾಗಿದ್ದರೂ ಸಾಕು, ಸಂಬಂಧ ಉಂಟೆಂದೇ ಹಿಡಿಯತಕ್ಕದ್ದು ಎಂಬುದು ಅದರ ತಾತ್ಪರ್ಯ. ವಿಜ್ಞಾನಿಗಳು ಖಚಿತ ಕಾರಣವನ್ನು ಹುಡುಕುವವರೆಗೆ ರೋಗಿ ಕಾಯಲಾರ. ಆದುದರಿಂದ ತಕ್ಕಡಿ ಸಮ ತೂಗಿದರೆ ಅದನ್ನು ಸಿಪಾಯಿಯ ಕಡೆಗೆ ವಾಲಿಸಬೇಕೆಂದು ಶಾಸನವೇ ಹೇಳಿತು. ಪುರಾವೆಗಳನ್ನು ಕಾಲಕಾಲಕ್ಕೆ ತೂಗಿ ನೋಡುವ ಕೆಲಸವನ್ನು ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಒಪ್ಪಿಸಿತು. ೧೯೯೬ರ ಇನ್ನೊಂದು ಕಾಯದೆಯಿಂದ, ವಿಯೆಟ್ನಾಮಿಗೆ ಹೋಗಿಬಂದವರ ಮಕ್ಕಳಲ್ಲಿ ಬೆನ್ನುಹುರಿಯ ಜನ್ಮದೋಷವಿದ್ದವರಿಗೆ ಚಿಕಿತ್ಸೆಯೂ ಭತ್ತೆಯೂ ದೊರೆತವು. ತಂದೆಯ ಯುದ್ಧದ ವಿಷ ಮಗುವಿನ ಮೈಯಲ್ಲಿ ಇರಬಲ್ಲದೆಂದು ಆ ದೇಶದ ಕಾಯದೆ ಒಪ್ಪಿದ್ದು ಇದೇ ಮೊದಲು.

ಇಷ್ಟರವರೆಗಿನದು ರಣರಂಗದ ಕಥೆ. ಇನ್ನು ಹೇಳುವುದು ರಣರಂಗವೇ ಅಲ್ಲದ, ಹೆಂಡಿರು ಮಕ್ಕಳೊಡನೆ ಸಿಪಾಯಿಗಳು ಸಂಸಾರ ಹೂಡಿದ ಒಂದು ಬೀಡಿನ ಕಥೆ.

ಉತ್ತರ ಕ್ಯಾರೊಲಿನಾ ಪ್ರಾಂತದ ಕಡಲಂಚಿನಲ್ಲಿ ಕ್ಯಾಂಪ್ ಲೆಜೂನ್ ಎಂಬ ದೊಡ್ಡ ನೆಲೆಯಿದೆ. ಮರೀನ್ ಎಂದು ಕರೆಯಿಸಿಕೊಳ್ಳುವ ನೌಕಾಪಡೆಯ ಕಾಲಾಳುಗಳು ಅಲ್ಲಿ ತರಬೇತಿ ಪಡೆಯುತ್ತಾರೆ. ವಸತಿಗಳಿಗೆ ಬರುವ ನೀರು ನೆಲದ ಬಾವಿಗಳದು. ಬೇಲಿಯ ಹೊರಗಿದ್ದ ಒಂದು ಡ್ರೈಕ್ಲೀನಿಂಗ್ ಅಂಗಡಿಯ ರಾಸಾಯನಿಕ ನೆಲಕ್ಕಿಳಿದು ಕೆಲವು ಬಾವಿಗಳನ್ನು ಸೇರಿತು. ನೆಲೆಯೊಳಗಿನ ಇಂಧನದ ಟಾಂಕಿಗಳ ಸೋರಿಕೆ, ಯಂತ್ರ ತೊಳೆಯುವ ದ್ರಾವಣ ಇವು ಬೇರೆ ಬಾವಿಗಳನ್ನು ಸೇರಿದವು. ೧೯೫೩ರಿಂದ ೧೯೮೭ರವರೆಗೆ, ಅಂದರೆ ಮೂವತ್ತನಾಲ್ಕು ವರ್ಷ, ಅಲ್ಲಿಯ ನಲ್ಲಿಗಳಲ್ಲಿ ವಿಷ ಬೆರೆತ ನೀರು ಹರಿಯಿತೆಂದು ಕಾಯದೆ ಇಂದು ಒಪ್ಪುತ್ತದೆ. ಆ ನೀರಿನಲ್ಲಿ ಅನ್ನ ಬೇಯಿಸಿದರು, ಕೂಸುಗಳಿಗೆ ಸ್ನಾನ ಮಾಡಿಸಿದರು, ಬಸುರಿಯರು ಅದನ್ನೇ ಕುಡಿದರು. ಹತ್ತು ಲಕ್ಷದವರೆಗೆ ಜನ ಅದರ ಸಂಪರ್ಕಕ್ಕೆ ಬಂದಿರಬಹುದೆಂದು ಅಲ್ಲಿಯ ಸರಕಾರದ ಅಂದಾಜು. ನೀರಿನಲ್ಲಿ ಏನೋ ಇದೆಯೆಂದು ೧೯೮೦ರ ಸುಮಾರಿನಿಂದಲೇ ಪರೀಕ್ಷೆಗಳು ತೋರಿಸುತ್ತಿದ್ದವು. ಕೆಟ್ಟ ಬಾವಿಗಳನ್ನು ಮುಚ್ಚಲು ಆರಂಭಿಸಿದ್ದು ೧೯೮೪ರ ಕೊನೆಯಲ್ಲಿ.

ಆ ನೆಲೆಯಲ್ಲಿ ಸೇವೆ ಮಾಡಿದ ಜೆರಿ ಎನ್ಸ್‌ಮಿಂಗರ್ ಎಂಬ ಸಾರ್ಜೆಂಟರಿಗೆ ಜೇನಿ ಎಂಬ ಮಗಳಿದ್ದಳು. ನಾಲ್ವರು ಹೆಣ್ಣುಮಕ್ಕಳಲ್ಲಿ, ಆ ನೆಲೆಯಲ್ಲಿರುವಾಗ ತಾಯಿಯ ಗರ್ಭದಲ್ಲಿ ಮೂಡಿದವಳು ಇವಳೊಬ್ಬಳೇ. ೧೯೮೩ರಲ್ಲಿ, ಆರು ವರ್ಷದವಳಿದ್ದಾಗ, ಅವಳಿಗೆ ರಕ್ತದ ಕ್ಯಾನ್ಸರ್ ಇರುವುದು ತಿಳಿಯಿತು. ಎರಡು ವರ್ಷಕ್ಕೂ ಮೇಲೆ ಹೋರಾಡಿ, ೧೯೮೫ರ ಸೆಪ್ಟೆಂಬರದಲ್ಲಿ, ಒಂಬತ್ತನೆಯ ವಯಸ್ಸಿಗೆ ಮಗು ಕಣ್ಣು ಮುಚ್ಚಿತು. ಮನೆತನದಲ್ಲಿ ಯಾರಿಗೂ ಇಲ್ಲದ ರೋಗ ಇವಳಿಗೇಕೆ ಬಂದಿತೆಂದು ತಂದೆ ಹನ್ನೆರಡು ವರ್ಷ ಕೊರಗಿದರು. ೧೯೯೭ರ ಒಂದು ಸಂಜೆ ಊಟದ ತಟ್ಟೆ ಹಿಡಿದು ಟೆಲಿವಿಜನ್ ವಾರ್ತೆ ನೋಡುತ್ತಿದ್ದಾಗ, ಕ್ಯಾಂಪ್ ಲೆಜೂನಿನ ನೀರಿಗೂ ಮಕ್ಕಳ ಕ್ಯಾನ್ಸರಿಗೂ ಸಂಬಂಧವಿರಬಹುದೆಂಬ ಸುದ್ದಿ ಬಂದಿತು. ತಾನು ಎರಡು ದಶಕಗಳಿಗೂ ಮೇಲ್ಪಟ್ಟು ಸೇವೆ ಮಾಡಿದ ಪಡೆ ಈ ಮಾತನ್ನು ತನಗೆ ಹೇಳಲಿಲ್ಲ, ವಾರ್ತೆ ಓದುವವನು ಹೇಳಿದ!

ಅಲ್ಲಿಂದ ಮುಂದೆ ಹದಿನೈದು ವರ್ಷ ಅವರು ಮಾಡಿದ್ದು ಕಾಗದಗಳ ಬೇಟೆ. ಹಳೆಯ ನೀರಿನ ಪರೀಕ್ಷೆಯ ವರದಿಗಳು, ಕಚೇರಿಯ ಟಿಪ್ಪಣಿಗಳು, ಬಾವಿಗಳ ನಕಾಶೆಗಳು ಇವನ್ನೆಲ್ಲ ಮಾಜಿ ಸೈನಿಕರ ಒಂದು ಚಿಕ್ಕ ಗುಂಪಿನೊಡನೆ ಸೇರಿ ಹೊರಗೆಳೆದರು. ಆ ಗುಂಪಿನಲ್ಲಿ ಗಂಡಸರಿಗೆ ಅತ್ಯಂತ ಅಪರೂಪವಾದ ಸ್ತನದ ಕ್ಯಾನ್ಸರ್ ಬಂದವರೂ ಇದ್ದರು. ನ್ಯಾಯಾಲಯದ ಬಾಗಿಲು ಅವರಿಗೆ ಹೆಚ್ಚುಕಡಮೆ ಮುಚ್ಚಿತ್ತು. ಸೇವೆಗೆ ಸಂಬಂಧಿಸಿದ ಹಾನಿಗಾಗಿ ಸೈನಿಕನು ಸರಕಾರದ ಮೇಲೆ ದಾವೆ ಹೂಡುವಂತಿಲ್ಲವೆಂದು ಆ ದೇಶದ ಸುಪ್ರೀಂ ಕೋರ್ಟು ೧೯೫೦ರಲ್ಲಿಯೇ ತೀರ್ಪು ಕೊಟ್ಟಿತ್ತು. ಕುಟುಂಬದವರು ಹೂಡಬಹುದೆಂದರೆ, ಹತ್ತು ವರ್ಷ ಮೀರಿದ ದಾವೆ ನಡೆಯದೆಂಬ ಆ ಪ್ರಾಂತದ ಕಟ್ಟಳೆ ಅಡ್ಡ ಬಂದಿತು. ರೋಗ ತಲೆಯೆತ್ತಲು ಇಪ್ಪತ್ತು ವರ್ಷ ಬೇಕು, ದೂರು ಹೇಳಲು ಹತ್ತೇ ವರ್ಷ! ಹೀಗಾಗಿ ಶಾಸನಸಭೆಯೊಂದೇ ದಾರಿಯಾಗಿ ಉಳಿಯಿತು.

೨೦೧೨ರ ಆಗಸ್ಟ್ ೬ರಂದು ಅಧ್ಯಕ್ಷ ಒಬಾಮಾ ಆ ಕಾಯದೆಗೆ ಸಹಿ ಮಾಡಿದಾಗ ಎನ್ಸ್‌ಮಿಂಗರರು ಪಕ್ಕದಲ್ಲಿ ನಿಂತಿದ್ದರು. ಕ್ಯಾಂಪ್ ಲೆಜೂನಿಗೆ ಸಂಬಂಧಿಸಿದ ಭಾಗಕ್ಕೆ ಜೇನಿಯ ಹೆಸರನ್ನೇ ಇಡಲಾಗಿತ್ತು. ಆ ನೆಲೆಯಲ್ಲಿ ಮೂವತ್ತು ದಿನಕ್ಕೆ ಕಡಮೆಯಿಲ್ಲದೆ ಇದ್ದ ಸೈನಿಕನಿಗೂ ಅವನ ಕುಟುಂಬದವರಿಗೂ, ಪಟ್ಟಿಯಲ್ಲಿರುವ ಹದಿನೈದು ರೋಗ ದೋಷಗಳಲ್ಲಿ ಯಾವುದಾದರೂ ಬಂದರೆ ಚಿಕಿತ್ಸೆಯ ಹೊಣೆ ಸರಕಾರದ್ದಾಯಿತು. ಬಸುರು ನಿಲ್ಲದಿರುವುದು, ಬಂಜೆತನ ಇವೂ ಆ ಪಟ್ಟಿಯಲ್ಲಿವೆ. ನೀರು ಕುಡಿದದ್ದಕ್ಕೆ ಸಾಕ್ಷಿ ಬೇಡ. ಇದ್ದೆವೆಂಬುದಕ್ಕೆ ಸಾಕ್ಷಿ ಸಾಕು. ಆದರೂ ಒಂದು ಭೇದ ಉಳಿಯಿತು. ಸೈನಿಕನಿಗೆ ದವಾಖಾನೆ ನೇರವಾಗಿ ತೆರೆಯಿತು. ಹೆಂಡತಿ ಮಕ್ಕಳಿಗೆ ಮಾತ್ರ ತಮ್ಮ ಬೇರೆ ವಿಮೆ ಕೊಟ್ಟು ಉಳಿದ ಖರ್ಚನ್ನು ಸರಕಾರ ತುಂಬಿಕೊಡುವ ಏರ್ಪಾಡಾಯಿತು. ಒಂದೇ ಕೊಡದ ನೀರು ಕುಡಿದವರಲ್ಲಿ ಇಂಥ ಅಂತರವೇಕೆ ಎಂಬುದು ನಮಗೆ ಅರ್ಥವಾಗಿಲ್ಲ. ಜೇನಿಯ ಪಾಲಿಗಂತೂ ಎರಡೂ ಒಂದೇ ಆಗಿದ್ದವು.

ಇದಾದ ಮೇಲಿನ ಹೆಜ್ಜೆ ೨೦೨೨ರದು. ಇರಾಕ ಮತ್ತು ಅಫಘಾನಿಸ್ತಾನದ ಶಿಬಿರಗಳಲ್ಲಿ ಪ್ಲಾಸ್ಟಿಕ್, ಬ್ಯಾಟರಿ, ದವಾಖಾನೆಯ ಕಸ ಎಲ್ಲವನ್ನೂ ದೊಡ್ಡ ಗುಂಡಿಗಳಲ್ಲಿ ಹಾಕಿ, ವಿಮಾನದ ಇಂಧನ ಸುರಿದು ಸುಡುತ್ತಿದ್ದರು. ಆ ಹೊಗೆಯನ್ನು ಕುಡಿದ ಸಾರ್ಜೆಂಟ್ ಹೀತ್ ರಾಬಿನ್ಸನ್ನರು ೨೦೨೦ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಹೆಸರಿನ ಕಾಯದೆಗಾಗಿ ಹಟ ಹಿಡಿದು ಓಡಾಡಿದವರಲ್ಲಿ ಅವರ ಅತ್ತೆ ಒಬ್ಬರು. ಜುಲೈ ಕೊನೆಯಲ್ಲಿ ಸೆನೆಟ್ಟಿನಲ್ಲಿ ಮಸೂದೆ ಅಡ್ಡಬಿದ್ದಾಗ ಮಾಜಿ ಸೈನಿಕರು ಶಾಸನಸಭೆಯ ಮೆಟ್ಟಿಲುಗಳ ಮೇಲೆಯೇ ರಾತ್ರಿ ಹಗಲು ಕುಳಿತರು. ಆಗಸ್ಟ್ ೨ರಂದು ೮೬ ಮತಗಳಿಗೆ ೧೧ರಂತೆ ಅದು ಪಾಸಾಯಿತು. ೧೦ರಂದು ಅಧ್ಯಕ್ಷ ಬೈಡನ್ ಅಂಕಿತ ಹಾಕಿದರು. ಇಪ್ಪತ್ತಕ್ಕೂ ಹೆಚ್ಚು ರೋಗಗಳಿಗೆ ಗೃಹೀತ ದೊರೆಯಿತು. ಹತ್ತು ವರ್ಷಗಳಲ್ಲಿ ಸುಮಾರು ೨೮ ಸಾವಿರ ಕೋಟಿ ಡಾಲರುಗಳ ಖರ್ಚೆಂದು ಲೆಕ್ಕ ಹಾಕಿದ್ದರು. ಈ ಮೊತ್ತವನ್ನು ಕಂಡು ಬೆಚ್ಚಿದ ಸದಸ್ಯರೆಲ್ಲ ಕಲ್ಲೆದೆಯವರೆಂದು ನಾವು ಹೇಳುವುದಿಲ್ಲ. ಆದರೆ ಯುದ್ಧಕ್ಕೆ ಹಣ ಮಂಜೂರು ಮಾಡುವಾಗ ಈ ಬಾಬತ್ತನ್ನೂ ಅದೇ ಲೆಕ್ಕದಲ್ಲಿ ಬರೆಯುವ ಪದ್ಧತಿ ಇದ್ದಿದ್ದರೆ ಆಮೇಲೆ ಬೆಚ್ಚುವ ಪ್ರಸಂಗ ಬರುತ್ತಿರಲಿಲ್ಲ. ಅದೇ ಕಾಯದೆ ಕ್ಯಾಂಪ್ ಲೆಜೂನಿನವರಿಗೆ ನ್ಯಾಯಾಲಯದ ಬಾಗಿಲನ್ನೂ ಎರಡು ವರ್ಷದ ಮಟ್ಟಿಗೆ ತೆರೆಯಿತು. ೨೦೨೪ರ ಆಗಸ್ಟಿನಲ್ಲಿ ಅವಧಿ ಮುಗಿಯುವಷ್ಟರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದಿದ್ದವು.

ಇಷ್ಟು ಓದಿದ ಮೇಲೆ ನಮ್ಮಲ್ಲಿ ಹೇಗೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಮ್ಮ ದೇಶದಲ್ಲಿ ಮಾಜಿ ಸೈನಿಕರ ಚಿಕಿತ್ಸೆಯ ಏರ್ಪಾಡು ಶಾಸನಸಭೆಯ ಕಾಯದೆಯಿಂದ ಹುಟ್ಟಿದ್ದಲ್ಲ, ಸರಕಾರದ ಆಜ್ಞೆಯಿಂದ ಹುಟ್ಟಿದ್ದು. ೨೦೦೨ರ ಡಿಸೆಂಬರ್ ೩೦ರ ಆಜ್ಞೆಯಂತೆ ೨೦೦೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ, ಇಸಿಎಚ್ಎಸ್ ಎಂದು ನಾವೆಲ್ಲ ಕರೆಯುವ ಯೋಜನೆ ಅದು. ಪಿಂಚಣಿದಾರನು ಒಮ್ಮೆ ವಂತಿಗೆ ಕಟ್ಟಿದರೆ ಅವನಿಗೂ ಹೆಂಡತಿಗೂ ಅವಲಂಬಿತ ಮಕ್ಕಳಿಗೂ ಪಾಲಿಕ್ಲಿನಿಕ್ಕುಗಳಲ್ಲಿ ಔಷಧೋಪಚಾರ, ದೊಡ್ಡ ಕಾಯಿಲೆಗೆ ಪಟ್ಟಿಯಲ್ಲಿರುವ ಖಾಸಗಿ ದವಾಖಾನೆ. ಪುಣೆಯಲ್ಲಿ ಹೇಗೋ ಹಾಗೆ ಬೆಳಗಾವಿ, ಮಡಿಕೇರಿಗಳಲ್ಲಿಯೂ ಇಂಥ ಪಾಲಿಕ್ಲಿನಿಕ್ಕುಗಳಿವೆ. ಇದರಲ್ಲಿ ಒಂದು ಅಂಶ ನಮ್ಮ ಮನಸ್ಸಿಗೆ ಹಿತವೆನಿಸುತ್ತದೆ: ಅವಲಂಬಿತರಾದ ವೃದ್ಧ ತಂದೆತಾಯಿಗಳೂ ಇದರಲ್ಲಿ ಸೇರಿದ್ದಾರೆ. ಅಮೇರಿಕೆಯ ೧೯೭೩ರ ಯೋಜನೆಯಲ್ಲಿ ತಂದೆತಾಯಿಗಳ ಹೆಸರಿಲ್ಲ. ಕುಟುಂಬವೆಂದರೆ ಯಾರು ಎಂಬುದನ್ನು ಎರಡು ದೇಶಗಳು ಎರಡು ಬಗೆಯಾಗಿ ಬರೆದುಕೊಂಡಿವೆ. ಪಾಲಿಕ್ಲಿನಿಕ್ಕಿನ ಸರದಿ, ಔಷಧ ಮುಗಿದಿದೆ ಎಂಬ ಉತ್ತರ, ಇವುಗಳ ಬಗ್ಗೆ ನಮ್ಮ ಹಿರಿಯರು ಗೊಣಗುವುದನ್ನು ನಾವು ಕೇಳಿದ್ದೇವೆ. ಆದರೆ ಆ ಗೊಣಗಾಟ ಇರುವ ಹಕ್ಕಿನೊಳಗಿನದು.

ರುಜುವಾತಿನ ಪ್ರಶ್ನೆ ಮಾತ್ರ ನಮ್ಮಲ್ಲಿಯೂ ಬಿಟ್ಟಿಲ್ಲ. ಅಂಗವೈಕಲ್ಯದ ಪಿಂಚಣಿ ಬೇಕಾದರೆ, ರೋಗ ಸೈನ್ಯದ ಸೇವೆಯಿಂದ ಬಂದಿರಬೇಕು ಅಥವಾ ಸೇವೆಯಿಂದ ಉಲ್ಬಣಿಸಿರಬೇಕು. ೧೯೮೨ರ ನಿಯಮಗಳಲ್ಲಿ, ಇದನ್ನು ಸಿಪಾಯಿ ಸಿದ್ಧಮಾಡಿ ತೋರಿಸಬೇಕಾಗಿಲ್ಲ, ಸಂಶಯದ ಲಾಭ ಅವನಿಗೇ ಸೇರತಕ್ಕದ್ದು ಎಂದು ಸ್ಪಷ್ಟವಾಗಿ ಬರೆದಿತ್ತು. ಬರೆದದ್ದು ಒಂದು, ನಡೆದದ್ದು ಇನ್ನೊಂದು. ೧೯೮೫ರಲ್ಲಿ ಸಿಗ್ನಲ್ ದಳಕ್ಕೆ ಆರೋಗ್ಯವಂತನಾಗಿ ಸೇರಿದ ಒಬ್ಬ ಸಿಪಾಯಿಯನ್ನು ಮೂರ್ಛೆರೋಗದ ಕಾರಣದಿಂದ ಸುಮಾರು ಒಂಬತ್ತು ವರ್ಷಗಳ ಮೇಲೆ ಮನೆಗೆ ಕಳಿಸಿದರು. ರೋಗಕ್ಕೂ ಸೇವೆಗೂ ಸಂಬಂಧವಿಲ್ಲವೆಂದು ವೈದ್ಯಮಂಡಲಿ ಬರೆಯಿತು, ಪಿಂಚಣಿ ನಿಂತಿತು. ಅವನ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು ೨೦೧೩ರ ಜುಲೈ ೨ರಂದು ತೀರ್ಪು ಕೊಟ್ಟಿತು. ಭರತಿ ಮಾಡಿಕೊಳ್ಳುವಾಗ ನಡೆಸಿದ ಪರೀಕ್ಷೆಯ ಕಾಗದದಲ್ಲಿ ರೋಗದ ಉಲ್ಲೇಖವಿಲ್ಲವೆಂದಾದರೆ, ಆಗ ಅವನು ಆರೋಗ್ಯವಂತನಾಗಿಯೇ ಇದ್ದನೆಂದು ತಿಳಿಯಬೇಕು. ಆಮೇಲೆ ಬಂದ ರೋಗ ಸೇವೆಯದಲ್ಲವೆಂದು ತೋರಿಸುವ ಹೊಣೆ ಸರಕಾರದ್ದು. ಕಾರಣ ಕೊಡದೆ ಇಲ್ಲವೆಂದರೆ ಸಾಲದು.

ಇದರ ಆಧಾರದ ಮೇಲೆ ಅನೇಕ ಸಿಪಾಯಿಗಳು ಸೈನ್ಯದ ನ್ಯಾಯಮಂಡಲಿಯ ಮುಂದೆ ಗೆದ್ದರು. ೨೦೨೩ರ ಸೆಪ್ಟೆಂಬರದಲ್ಲಿ ಹೊಸ ನಿಯಮಗಳು ಬಂದಿವೆ. ಅಲ್ಲಿಂದ ಈಚೆಗೆ ಸೇವೆಯಿಂದ ಹೊರಬಿದ್ದವರಿಗೆ ಅವು ಅನ್ವಯಿಸುತ್ತವೆ. ಮಾಜಿ ಸೈನಿಕರ ಸಂಘಗಳು ಅವನ್ನು ಕಟುವಾಗಿ ಟೀಕಿಸಿವೆ. ಅದಕ್ಕೆ ಮುಂಚೆ ನಿವೃತ್ತರಾದವರ ಪಾಲಿಗೆ ಹಳೆಯ ನಿಯಮವೂ ಆ ತೀರ್ಪೂ ಉಳಿದಿವೆ. ಎನ್ಸ್‌ಮಿಂಗರರು ಹದಿನೈದು ವರ್ಷ ಹುಡುಕಿದ್ದು ಕಾಗದಗಳನ್ನೇ ಎಂಬುದನ್ನು ನೆನೆದು, ನಮ್ಮ ಬಂಧುಗಳಿಗೆ ಒಂದು ಸೂಚನೆ: ನಿಮ್ಮ ಮನೆಯ ಪಿಂಚಣಿದಾರರ ಬಿಡುಗಡೆ ಪುಸ್ತಕ, ವೈದ್ಯಮಂಡಲಿಯ ಕಾಗದ, ದವಾಖಾನೆಯಿಂದ ಬಿಟ್ಟಾಗ ಕೊಟ್ಟ ಚೀಟಿಗಳು ಯಾವ ಟ್ರಂಕಿನಲ್ಲಿವೆ ಎಂಬುದು ಮನೆಯ ಹೆಂಗಸರಿಗೂ ತಿಳಿದಿರಲಿ. ಭರತಿಯ ಕಾಲದ ಪರೀಕ್ಷೆಯ ಕಾಗದ ಮನೆಯಲ್ಲಿ ಇರುವುದಿಲ್ಲ. ಅದರ ನಕಲಿಗಾಗಿ ಪಲ್ಟಣಿನ ರೆಕಾರ್ಡ್ ಆಫೀಸಿಗೆ ಅರ್ಜಿ ಹಾಕಬೇಕು. ಅರ್ಜಿಯನ್ನು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಬರೆಯಲು ತೊಡಕಾದವರು ನಮ್ಮ ಸಂಘದ ಕಚೇರಿಗೆ ಬಂದರೆ ಬರೆದುಕೊಡುವವರಿದ್ದಾರೆ.